ಮೀನು ಬೆಳಗಿನ ಜಾವ ಬಾಯಿ ತೆರೆಯುತ್ತಿದ್ದರೆ ಹೊಂಡಕ್ಕೆ ಎಷ್ಟು ಸುಣ್ಣ ಹಾಕಬೇಕು?

ಬೆಳಗಿನ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ) 6.8 ಇದೆ, ಕಾಟ್ಲಾ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದೆ ಎಂದಿದ್ದೀರಿ. ನಮ್ಮ ಕೃಷಿ ಹೊಂಡದಲ್ಲಿಯೂ ಹೆಚ್ಚುಕಡಿಮೆ ಇದೇ ಅಂಕಿ, ಇದೇ ಲಕ್ಷಣ ಕಂಡಿತ್ತು. ಶೇಂಗಾ ಹಿಂಡಿ, ತೌಡು, ಕೋಳಿ ಗೊಬ್ಬರಗಳನ್ನು ಧಾರಾಳವಾಗಿ ಸುರಿದಿದ್ದರಿಂದ ನೀರು ಹಚ್ಚ ಹಸಿರಾಗಿತ್ತು. ನಾನು ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಆರಿದ ಮೇಲೆ, ಬಿಸಿಲೇರಿದ ಹೊತ್ತಿನಲ್ಲಿ ಹೊಂಡದ ತುಂಬ ಎರಚಿಸಿದೆ. ಸಂಜೆಯೊಳಗೆ ಮೀನುಗಳು ಸಮತೋಲ ತಪ್ಪಿ ದಡದ ಬಳಿ ಓರೆಯಾಗಿ ಸುತ್ತತೊಡಗಿದವು. ಕೈಗೆ ಸಿಕ್ಕ ಒಂದು ಕಾಟ್ಲಾದ ಕಿವಿರಿನ ಮುಚ್ಚಳ ಎತ್ತಿದರೆ ಎಳೆಗಳ ಮೇಲೆ ಲೋಳೆ ದಪ್ಪವಾಗಿ ಕಟ್ಟಿಕೊಂಡಿತ್ತು. ಮರುದಿನ ದೊಡ್ಡ ಮೀನುಗಳಲ್ಲಿ ಬಹುಪಾಲು ಸತ್ತು ತೇಲುತ್ತಿದ್ದವು.

ಬೆಳಗಿನ ಜಾವದ ಅಂಕಿಯನ್ನು ನಂಬಿ ಮಧ್ಯಾಹ್ನದ ನೀರಿಗೆ ಸುಣ್ಣ ಹಾಕಿದ್ದೇ ನನ್ನ ತಪ್ಪು. ರಾತ್ರಿಯೆಲ್ಲ ಪಾಚಿ, ಮೀನು ಮತ್ತು ತಳದ ಕೊಳೆ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿರುವುದರಿಂದ ಸೂರ್ಯೋದಯಕ್ಕೆ ಮೊದಲು ಪಿಎಚ್ ದಿನದ ಕನಿಷ್ಠ ಮಟ್ಟದಲ್ಲಿರುತ್ತದೆ. ಬಿಸಿಲು ಬಿದ್ದ ಮೇಲೆ ಅದೇ ಪಾಚಿ ಆ ಅನಿಲವನ್ನು ಹೀರಿಕೊಳ್ಳುವುದರಿಂದ, ಹಸಿರುಗಟ್ಟಿದ ಹೊಂಡದಲ್ಲಿ ಮಧ್ಯಾಹ್ನ 3 ಗಂಟೆಯ ವೇಳೆಗೆ ಪಿಎಚ್ 9ನ್ನೂ ದಾಟಬಹುದು. ಸುಣ್ಣ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳಿತು. ಆಗ ಕೊಂದದ್ದು ಅಮೋನಿಯಾ. ಮೀನು ಕಿವಿರಿನ ಮೂಲಕ ಹೊರಬಿಡುವ ಈ ತ್ಯಾಜ್ಯ, ಪಿಎಚ್ 7 ಇರುವ 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಬಹುತೇಕ ನಿರಪಾಯಕಾರಿ ಅಮೋನಿಯಂ ರೂಪದಲ್ಲಿದ್ದು, ವಿಷಕಾರಿ ರೂಪ ಶೇ 1ಕ್ಕಿಂತ ಕಡಿಮೆ. ಪಿಎಚ್ 8ರಲ್ಲಿ ಅದು ಸುಮಾರು ಶೇ 5, 9ರಲ್ಲಿ ಸುಮಾರು ಶೇ 36. ಹೊಸದಾಗಿ ಒಂದು ಚೂರೂ ಅಮೋನಿಯಾ ಸೇರದಿದ್ದರೂ ನೀರು ವಿಷವಾಗುತ್ತದೆ. ಹೊರಗೆ ಅದು ಹೆಚ್ಚಾದಾಗ ಮೀನಿಗೆ ತನ್ನ ರಕ್ತದಲ್ಲಿರುವುದನ್ನು ಹೊರದಬ್ಬಲು ಆಗುವುದಿಲ್ಲ.

ಆದ್ದರಿಂದ ಎಷ್ಟು ಸುಣ್ಣ ಎಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಬೆಳಗಿನ ಜಾವ ಬಾಯಿ ತೆರೆದು, ಬಿಸಿಲೇರಿದಂತೆ ಮೀನು ಕೆಳಗಿಳಿಯುತ್ತಿದ್ದರೆ ಅದು ಆಮ್ಲಜನಕದ ಕೊರತೆಯೇ ಸರಿ. ಇಂದಿನಿಂದಲೇ ಹಿಂಡಿ, ಗೊಬ್ಬರ ನಿಲ್ಲಿಸಿ; ನಡುರಾತ್ರಿಯಿಂದ ಬೆಳಕು ಹರಿಯುವವರೆಗೆ ಪಂಪಿನಿಂದ ಹೊಂಡದ ನೀರನ್ನೇ ಮೇಲಕ್ಕೆ ಚಿಮ್ಮಿಸಿ; ಕೊಳವೆ ಬಾವಿಯಲ್ಲಿ ನೀರಿದ್ದರೆ ಗಾಳಿಯಾಡುವಂತೆ ಎತ್ತರದಿಂದ ಸ್ವಲ್ಪ ಸ್ವಲ್ಪವಾಗಿ ಬೀಳಿಸಿ. ಅಮೋನಿಯಾ ಹೀರುತ್ತದೆಂದು ಅಂಗಡಿಯವರು ಕೊಡುವ ಪುಡಿಗಳಿಗೆ ದುಡ್ಡು ಸುರಿಯಬೇಡಿ. ಸುಟ್ಟ ಸುಣ್ಣದ ಜಾಗ ಒಣಗಿದ ಹೊಂಡದ ತಳ, ಅದೂ ಮರಿ ಬಿಡುವುದಕ್ಕೆ ಸಾಕಷ್ಟು ಮೊದಲು. ಮೀನಿರುವಾಗ ಹಾಕಲೇಬೇಕೆಂದರೆ ಸುಡದ ಸುಣ್ಣದ ಕಲ್ಲಿನ ಪುಡಿ ವಾಸಿ. ಅದು ನಿಧಾನವಾಗಿ ಕರಗುತ್ತದೆ, ಪಿಎಚ್ಚನ್ನು 8.3ರ ಆಚೆ ಒಯ್ಯುವುದಿಲ್ಲ.

ನಾಳೆ ಸೂರ್ಯೋದಯಕ್ಕೆ ಮೊದಲೊಮ್ಮೆ, ಮಧ್ಯಾಹ್ನ 3 ಗಂಟೆಗೊಮ್ಮೆ ಪಿಎಚ್ ಅಳೆದು ಎರಡೂ ಅಂಕಿಗಳನ್ನು ಇಲ್ಲಿ ಬರೆಯಿರಿ. ಅಮೋನಿಯಾ ಕಿಟ್ ಇದ್ದರೆ ಅದನ್ನು ಮಧ್ಯಾಹ್ನದ ನೀರಿನಲ್ಲೇ ನೋಡಿ. ಕಿಟ್ ಎರಡೂ ರೂಪಗಳ ಒಟ್ಟು ಮೊತ್ತವನ್ನು ತೋರಿಸುವುದರಿಂದ ಅದೇ ಹೊತ್ತಿನ ಪಿಎಚ್ ಮತ್ತು ನೀರಿನ ಉಷ್ಣತೆ ಜೊತೆಗಿಲ್ಲದೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ.