ಅಮೆಚೂರ್‌ನಲ್ಲಿ 396 ಫೈಟ್ ಗೆದ್ದ ಲೊಮಾಚೆಂಕೊ ಪ್ರೊ ಆದ ಎರಡನೇ ಫೈಟ್‌ನಲ್ಲೇ ಯಾಕೆ ಸೋತ?

ನೀವು ಕೇಳಿರೋದು, ಅಮೆಚೂರ್‌ನಲ್ಲಿ, ಅಂದ್ರೆ ಒಲಿಂಪಿಕ್ಸ್ ಥರದ ಟೂರ್ನಮೆಂಟ್ ಬಾಕ್ಸಿಂಗಲ್ಲಿ, 396 ಗೆದ್ದು ಒಂದೇ ಒಂದು ಸೋತಿದ್ದ ವಾಸಿಲ್ ಲೊಮಾಚೆಂಕೊ ಪ್ರೊಫೆಷನಲ್ ಆದ ಎರಡನೇ ಫೈಟ್‌ನಲ್ಲೇ ಸೋತನಲ್ಲ, ಹಾಗಾದ್ರೆ ಅಮೆಚೂರ್ ರೆಕಾರ್ಡ್‌ಗೆ ಪ್ರೊ ಬಾಕ್ಸಿಂಗಲ್ಲಿ ಬೆಲೆನೇ ಇಲ್ವಾ ಅಂತ. ಬೆಲೆ ಇದೆ, ತುಂಬಾನೇ ಇದೆ. ಆದ್ರೆ ಅಮೆಚೂರ್ ಕಲಿಸದೇ ಇರೋ ಕೆಲವು ವಿಷಯ ಇರತ್ತೆ, ಅವನು ಅವನ್ನ ಕಲಿಯೋಕೆ ಮೊದಲೇ ವರ್ಲ್ಡ್ ಟೈಟಲ್‌ಗೆ ಕೈ ಹಾಕಿದ. ಆ ಫೈಟ್ ನಾನು ಎಷ್ಟೋ ಸಲ ನೋಡಿದೀನಿ, ಈಗಲೂ ನೋಡಿದ್ರೆ ಸಂಕಟ ಆಗತ್ತೆ.

ಹಿನ್ನೆಲೆ ಸ್ವಲ್ಪ ಹೇಳ್ತೀನಿ. 1988ರಲ್ಲಿ ಉಕ್ರೇನ್‌ನ ಬಿಲ್ಹೊರೊದ್ ದ್ನಿಸ್ತ್ರೋವ್ಸ್ಕಿ ಅನ್ನೋ ಊರಲ್ಲಿ ಹುಟ್ಟಿದ್ದು, ಕೋಚ್ ಬೇರೆ ಯಾರೂ ಅಲ್ಲ, ಅಪ್ಪ ಅನಾತೋಲಿನೇ. ಹುಡುಗ ಚಿಕ್ಕವನಿದ್ದಾಗ ಬಾಕ್ಸಿಂಗ್ ಬಿಡಿಸಿ ಕೆಲವು ವರ್ಷ ಉಕ್ರೇನಿನ ಜಾನಪದ ನೃತ್ಯದ ಕ್ಲಾಸಿಗೆ ಹಾಕಿದ್ದು ಇದೇ ಅಪ್ಪ, ಅವನ ಫುಟ್‌ವರ್ಕ್ ನೋಡಿದವರಿಗೆ ಅದ್ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಒಂದೇ ಒಂದು ಅಮೆಚೂರ್ ಸೋಲು ಬಂದಿದ್ದು 2007ರಲ್ಲಿ ಚಿಕಾಗೊ ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ, ರಷ್ಯಾದ ಆಲ್ಬರ್ಟ್ ಸೆಲಿಮೊವ್ ಎದುರು. ಮುಂದಿನ ವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೊದಲನೇ ಬೌಟ್‌ಗೇ ಅದೇ ಸೆಲಿಮೊವ್ ಸಿಕ್ಕಿದ, 14-7ರಲ್ಲಿ ಸೋಲಿಸಿ ಮುಂದೆ ಹೋಗಿ ಚಿನ್ನ ತಗೊಂಡ, ಆ ಕೂಟದ ಅತ್ಯುತ್ತಮ ಬಾಕ್ಸರ್‌ಗೆ ಕೊಡೋ ವಾಲ್ ಬಾರ್ಕರ್ ಟ್ರೋಫಿನೂ ಅವನಿಗೇ ಬಂತು. 2012 ಲಂಡನ್‌ನಲ್ಲಿ ತೂಕದ ವರ್ಗ ಬದಲಾಯಿಸಿ ಇನ್ನೊಂದು ಚಿನ್ನ. ಸೋತ ಮೇಲೆ ಸರಿ ಮಾಡ್ಕೊಂಡು ಬರೋ ಗುಣ ಅವನಲ್ಲಿ ಆಗಲೇ ಇತ್ತು ಅನ್ನೋದನ್ನ ಗಮನಿಸಿ.

ಈಗ ಎರಡು ಆಟಕ್ಕೂ ಇರೋ ವ್ಯತ್ಯಾಸಕ್ಕೆ ಬರೋಣ. ಅವನ ಕಾಲದ ಅಮೆಚೂರ್‌ನಲ್ಲಿ ಜಡ್ಜ್‌ಗಳು ಬಟನ್ ಒತ್ತಿ ಪಾಯಿಂಟ್ ಎಣಿಸ್ತಿದ್ರು, ಸರಿಯಾಗಿ ತಾಗಿದ ಮೆಲ್ಲನೆ ಪಂಚ್‌ಗೂ ಒಂದೇ ಪಾಯಿಂಟ್, ಕಣ್ಣು ಕತ್ತಲೆ ಬರಿಸೋ ಪಂಚ್‌ಗೂ ಒಂದೇ. ಬೀಜಿಂಗ್‌ನಲ್ಲಿ ಎರಡೆರಡು ನಿಮಿಷದ ನಾಲ್ಕು ರೌಂಡ್, ಲಂಡನ್‌ನಲ್ಲಿ ಮೂರು ಮೂರು ನಿಮಿಷದ ಮೂರು ರೌಂಡ್, ತಲೆಗೆ ಹೆಡ್‌ಗಾರ್ಡ್, ಪ್ರತಿ ಬೌಟ್ ದಿನ ಬೆಳಗ್ಗೆ ತೂಕ ನೋಡ್ತಾರೆ. ಹಾಗಾಗಿ ಎದುರಾಳಿ ಹೆಚ್ಚುಕಮ್ಮಿ ನಿಮ್ಮಷ್ಟೇ ತೂಕದವನು. ಪ್ರೊನಲ್ಲಿ ಟೈಟಲ್ ಫೈಟ್ ಅಂದ್ರೆ ಹನ್ನೆರಡು ರೌಂಡ್, ಆ ತೂಕದವರಿಗೆ ಗ್ಲೌಸ್ ಎಂಟು ಔನ್ಸ್, ಅದಕ್ಕಿಂತ ಮುಖ್ಯವಾಗಿ ತೂಕ ನೋಡೋದು ಹಿಂದಿನ ದಿನ. ತಕ್ಕಡಿ ಇಳಿದ ಮೇಲೆ ನೀರು ಕುಡಿದು ಊಟ ಮಾಡಿ ರಿಂಗ್‌ಗೆ ಬರೋ ಹೊತ್ತಿಗೆ ಮನುಷ್ಯ ಬೇರೆನೇ ಆಗಿರ್ತಾನೆ. ಅಪ್ಪಿ ಹಿಡಿದು ತೂಕ ಹಾಕಿ ಸುಸ್ತು ಮಾಡೋದು, ರೆಫರಿ ಕಣ್ಣು ತಪ್ಪಿಸಿ ಸೊಂಟದ ಕೆಳಗೆ ಹೊಡೆಯೋದು, ಭುಜದಲ್ಲಿ ಒತ್ತೋದು, ಇವೆಲ್ಲ ಅಲ್ಲಿ ವರ್ಷಗಟ್ಟಲೆ ರಿಂಗ್‌ನಲ್ಲಿ ಪೆಟ್ಟು ತಿಂದು ಕಲಿಯೋ ವಿದ್ಯೆ.

ಸಾಮಾನ್ಯವಾಗಿ ಹೊಸಬರಿಗೆ ಮೊದಲು ನಾಲ್ಕು ರೌಂಡ್, ಆರು ರೌಂಡ್ ಫೈಟ್ ಕೊಟ್ಟು ಮೆಲ್ಲಗೆ ಮೇಲೆ ತರ್ತಾರೆ. ಇವನು ಕೇಳಲಿಲ್ಲ. 2013ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಮೊದಲ ಫೈಟ್, ಅದೇ ಹತ್ತು ರೌಂಡಿಂದು, ನಾಲ್ಕನೇ ರೌಂಡ್‌ನಲ್ಲಿ ಮುಗಿಸಿದ. 2014ರ ಮಾರ್ಚ್ 1ಕ್ಕೆ ಸ್ಯಾನ್ ಆಂಟೋನಿಯೊದಲ್ಲಿ ನೇರವಾಗಿ ಡಬ್ಲ್ಯುಬಿಒ (ವರ್ಲ್ಡ್ ಟೈಟಲ್ ಕೊಡೋ ಸಂಸ್ಥೆಗಳಲ್ಲಿ ಒಂದು) ಫೆದರ್‌ವೇಟ್ ಟೈಟಲ್. ಎದುರಿಗೆ ಆಗಿನ ಚಾಂಪಿಯನ್, ಮೆಕ್ಸಿಕೊದ ಒರ್ಲಾಂಡೊ ಸಾಲಿಡೊ, ಹದಿನೈದನೇ ವಯಸ್ಸಿಂದ ಪ್ರೊ ಫೈಟ್ ಮಾಡ್ಕೊಂಡು ಬಂದವನು, ಹತ್ತಕ್ಕಿಂತ ಜಾಸ್ತಿ ಸಲ ಸೋತಿದ್ದ, ಅದಕ್ಕೇ ಜನ ಹಗುರವಾಗಿ ತಗೊಂಡ್ರು. ಮಿತಿ 126 ಪೌಂಡ್ ಅಂದ್ರೆ ಸುಮಾರು 57 ಕೆಜಿ, ಸಾಲಿಡೊ ಅದನ್ನ ಮುಟ್ಟಲೇ ಇಲ್ಲ, ಎರಡು ಪೌಂಡ್ ಚಿಲ್ಲರೆ ಜಾಸ್ತಿ ಇದ್ದ, ತಕ್ಕಡಿ ಮೇಲೇ ಬೆಲ್ಟ್, ಅಂದ್ರೆ ಟೈಟಲ್, ಕಳ್ಕೊಂಡ. ಆದ್ರೂ ಫೈಟ್ ನಡೀತು. ರಾತ್ರಿ ರಿಂಗ್‌ಗೆ ಬರೋವಾಗ ಅವನು 147 ಪೌಂಡ್, ಲೊಮಾಚೆಂಕೊ 136. ಐದು ಕೆಜಿ ವ್ಯತ್ಯಾಸ ಆ ಸೈಜಿನವರಲ್ಲಿ ಸಣ್ಣದಲ್ಲ.

ಮೊದಲ ರೌಂಡ್‌ಗಳಲ್ಲಿ ಲೊಮಾಚೆಂಕೊ ತುಂಬಾ ಕಾದ, ಎದುರಾಳಿಯನ್ನ ಓದ್ತಾ ಕೂತ, ಸಾಲಿಡೊ ಮೈಮೇಲೆ ಬಿದ್ದು ಹೊಟ್ಟೆಗೆ, ಸೊಂಟಕ್ಕೆ, ಅದಕ್ಕೂ ಕೆಳಗೆ ಹೊಡೆದ, ರೆಫರಿ ಹೆಚ್ಚಾಗಿ ಸುಮ್ಮನಿದ್ದ. ಕೊನೆ ರೌಂಡ್‌ಗಳಲ್ಲಿ ಇವನಿಗೆ ಲಯ ಸಿಕ್ಕಿತು, ಹನ್ನೆರಡನೇದರಲ್ಲಿ ಸಾಲಿಡೊ ತೂರಾಡ್ತಾ ಇವನನ್ನೇ ಹಿಡ್ಕೊಂಡು ಹೇಗೋ ಗಂಟೆ ಬಾರಿಸೋ ತನಕ ನಿಂತ. ಇಬ್ಬರು ಜಡ್ಜ್ ಸಾಲಿಡೊಗೆ ಕೊಟ್ರು, ಒಬ್ಬರು ಇವನಿಗೆ. ನನ್ನ ಪ್ರಕಾರ ಆ ತೀರ್ಪು ತಪ್ಪಲ್ಲ, ಮೊದಲರ್ಧವನ್ನ ಇವನೇ ಬಿಟ್ಟುಕೊಟ್ಟ, ಆದ್ರೆ ಸೊಂಟದ ಕೆಳಗಿನ ಅಷ್ಟು ಹೊಡೆತಕ್ಕೆ ಪಾಯಿಂಟ್ ಕಡಿಯದೇ ಇದ್ದಿದ್ದು ಅನ್ಯಾಯ.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರೋದು ಇದರ ಮುಂದಿನ ಫೈಟ್‌ನಲ್ಲಿ. ನಾಲ್ಕು ತಿಂಗಳೂ ಆಗಿರಲಿಲ್ಲ, ಜೂನ್ 21ಕ್ಕೆ ಚಾಂಪಿಯನ್ ಇಲ್ಲದೆ ಖಾಲಿ ಇದ್ದ ಅದೇ ಬೆಲ್ಟ್‌ಗೆ ಗ್ಯಾರಿ ರಸೆಲ್ ಜೂನಿಯರ್ ಎದುರು ಇಳಿದ, ಕೈವೇಗಕ್ಕೆ ಹೆಸರಾಗಿದ್ದ ರಸೆಲ್ ಅಲ್ಲೀವರೆಗೂ ಸೋತೇ ಇರಲಿಲ್ಲ. ಈ ಸಲ ಇವನು ಕಾಯಲಿಲ್ಲ, ಮೊದಲಿಂದಲೇ ಒತ್ತಡ, ಹೊಟ್ಟೆಗೆ ಪಂಚ್, ಹೊಡೆದ ಕ್ಷಣ ಪಕ್ಕಕ್ಕೆ ಸರಿದು ಇನ್ನೊಂದು ಕೋನದಿಂದ ಮತ್ತೆ. ಮೂರನೇ ಪ್ರೊ ಫೈಟ್‌ಗೆ ವರ್ಲ್ಡ್ ಚಾಂಪಿಯನ್, ಅದಕ್ಕೆ ಮೊದಲು ಅಷ್ಟು ಬೇಗ ಗೆದ್ದಿದ್ದು ಥಾಯ್ಲೆಂಡ್‌ನ ಸಾಯೆನ್‌ಸಕ್ ಮುವಾಂಗ್‌ಸುರಿನ್ ಒಬ್ಬನೇ. ಇಷ್ಟು ಬೇಗ ತಿದ್ದಿಕೊಳ್ಳೋ ಶಕ್ತಿ ಎಲ್ಲಿಂದ ಬಂತು ಅಂದ್ರೆ ನಾನು ಹೇಳೋದು ಆ 397 ಅಮೆಚೂರ್ ಬೌಟ್‌ಗಳಿಂದ, ಟೂರ್ನಮೆಂಟ್‌ನಲ್ಲಿ ದಿನಕ್ಕೊಬ್ಬ ಹೊಸ ಶೈಲಿಯವನು ಎದುರಿಗೆ ಬಂದು ನಿಲ್ತಾನೆ, ಎಂಟೊಂಬತ್ತು ನಿಮಿಷದಲ್ಲಿ ಅವನನ್ನ ಓದಿ ಮುಗಿಸಬೇಕು.

ಆಮೇಲೆ ಹತ್ತಿದ ವೇಗ ನಿಮಗೆ ಗೊತ್ತಿರಬಹುದು. ಏಳನೇ ಫೈಟ್‌ಗೆ ಎರಡನೇ ತೂಕದಲ್ಲಿ ಬೆಲ್ಟ್. 2018ರ ಮೇನಲ್ಲಿ ಹನ್ನೆರಡನೇ ಫೈಟ್‌ಗೆ ಹೋರ್ಹೆ ಲಿನಾರೆಸ್‌ನಿಂದ ಮೂರನೇ ತೂಕದ ಬೆಲ್ಟ್, ಅದು ನನಗೆ ತುಂಬಾ ಇಷ್ಟದ ಫೈಟ್. ಆರನೇ ರೌಂಡ್‌ನಲ್ಲಿ ಲೊಮಾಚೆಂಕೊ ನೆಲಕ್ಕೆ ಬಿದ್ದ, ಒಂದು ಭುಜ ಮೊದಲೇ ಕೆಟ್ಟಿತ್ತು, ಒಂಬತ್ತು ರೌಂಡ್ ಆದಾಗ ಒಬ್ಬ ಜಡ್ಜ್ ಹತ್ರ ಇವನು ಮುಂದೆ, ಇನ್ನೊಬ್ಬರ ಹತ್ರ ಲಿನಾರೆಸ್, ಮೂರನೆಯವರ ಹತ್ರ ಸಮ. ಹತ್ತನೇದರಲ್ಲಿ ಲಿವರ್‌ಗೆ ಒಂದು ಎಡಗೈ ಪಂಚ್, ಮುಗೀತು.

ಲಂಡನ್‌ನಲ್ಲಿ ಅವನ ಜೊತೆಗೇ ಚಿನ್ನ ಗೆದ್ದ ಒಲೆಕ್ಸಾಂಡರ್ ಉಸಿಕ್ ಅವಸರ ಮಾಡಲಿಲ್ಲ, ಹತ್ತನೇ ಫೈಟ್‌ಗೆ ಮೊದಲ ವರ್ಲ್ಡ್ ಟೈಟಲ್ ತಗೊಂಡ. ಲೊಮಾಚೆಂಕೊನೂ ಹಾಗೇ ಮಾಡಿದ್ರೆ ಸಾಲಿಡೊ ಹತ್ರ ಸೋಲ್ತಿರಲಿಲ್ಲ ಅಂತ ನನಗೆ ಖಂಡಿತ ಅನ್ಸತ್ತೆ. 2025ರಲ್ಲಿ ನಿವೃತ್ತಿ ಆದಾಗ ಅವನ ಪ್ರೊ ಲೆಕ್ಕ 18 ಗೆಲುವು 3 ಸೋಲು. ಟೈಮ್ ಇದ್ರೆ ಸಾಲಿಡೊ ಫೈಟ್, ರಸೆಲ್ ಫೈಟ್ ಎರಡನ್ನೂ ಒಂದರ ಹಿಂದೆ ಒಂದು ನೋಡಿ, ಅವನ ಕೈಗಳನ್ನಲ್ಲ, ಬರೀ ಕಾಲುಗಳನ್ನ ನೋಡಿ, ಮೊದಲನೇದರಲ್ಲಿ ಯಾವ ರೌಂಡ್‌ವರೆಗೆ ಹಿಂದಕ್ಕೆ ಹೋಗ್ತಾನೆ, ಎರಡನೇದರಲ್ಲಿ ಎಷ್ಟು ಬೇಗ ಮುಂದಕ್ಕೆ ಬರ್ತಾನೆ ಅಂತ ನಿಮಗೇ ಕಾಣತ್ತೆ.