ಉಳಿದ ಬಟ್ಟೆ ತುಂಡುಗಳಿಂದ ಎರಡು ವರ್ಷದ ಮಗುವಿಗೆ, ಹೊಲಿಗೆಗೆ ಹೊಸಬರು ಏನು ಹೊಲಿಯಬಹುದು?

ಎರಡು ಮೊಳ ಉದ್ದಗಲದ ಪುಟ್ಟ ಕೌದಿಯನ್ನೇ ನಾನು ಸೂಚಿಸುತ್ತೇನೆ. ಇದಕ್ಕೆ ಯಂತ್ರವೂ ಬೇಡ, ನಕ್ಷೆಯೂ ಬೇಡ.

ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯನ್ನು ಎರಡು ಪದರವಾಗಿ ಹಾಸಿ, ತುಂಡುಗಳ ಅಂಚನ್ನು ಅರ್ಧ ಇಂಚು ಒಳಮಡಚಿ ಮೇಲಿಡುತ್ತಾ, ದಪ್ಪ ದಾರದಿಂದ ಸಾದಾ ಓಟದ ಹೊಲಿಗೆ (ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತಾ ನೇರವಾಗಿ ಸಾಗುವ ರನ್ನಿಂಗ್ ಸ್ಟಿಚ್) ಹಾಕಬೇಕು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಭಾಗದಲ್ಲಿ ಕೌದಿ ಹೊಲಿಯುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊರ ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನತ್ತ ಸಾಗುತ್ತಾರೆ. ಪ್ರತಿ ಸುತ್ತಿನ ಹೊಲಿಗೆಯೂ ತುಂಡನ್ನು ಅಡಿಯ ಪದರಗಳಿಗೆ ಬಿಗಿಯುವುದರಿಂದ ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸುವ ಶ್ರಮ ಉಳಿಯುತ್ತದೆ. ನಾಲ್ಕು ಮೂಲೆಗಳಿಗೆ ಅವರು ಮಡಚಿದ ಬಟ್ಟೆಯ ‘ಫೂಲ’ವನ್ನು (ಹೂವನ್ನು) ಸೇರಿಸುತ್ತಾರೆ, ಅದಿಲ್ಲದೆ ಕೌದಿ ಅವರಿಗೆ ಪೂರ್ಣವೆನಿಸದು.

ಹೊಲಿಗೆ ಕಾಲು ಇಂಚು ಮೀರದಿರಲಿ, ಉದ್ದ ಹೊಲಿಗೆಗೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಗಂಟನ್ನು ಪದರದೊಳಗೆ ಎಳೆದು ಅಡಗಿಸಿ. ಜರಿ, ಮಣಿ, ಗುಂಡಿಗಳಿರುವ ತುಂಡುಗಳನ್ನು ದಯವಿಟ್ಟು ಬಳಸಬೇಡಿ.