ಕೋವಿಡ್ ಸಮಯದಲ್ಲಿ ದೊಡ್ಡ ಏರ್‌ಪೋರ್ಟ್‌ಗಳ ಒಳಗೆ ಹೇಗಿತ್ತು? ಆ ಮೌನ ಹೇಗಿತ್ತು, ಭಯ ಆಗುತ್ತಿತ್ತಾ? ಅಲ್ಲಿ ಕೆಲಸ ಮಾಡಿದವರು ಯಾರಾದರೂ ಹೇಳ್ತೀರಾ?

ನಾನು ವಿಮಾನಗಳ ಮೇಂಟೆನೆನ್ಸ್ ಕೆಲಸದವನು. 2020ರ ಮಾರ್ಚ್‌ನಿಂದ ಆ ವರ್ಷ ಮುಗಿಯುವವರೆಗೂ ಒಂದು ದೊಡ್ಡ ಏರ್‌ಪೋರ್ಟ್‌ನಲ್ಲಿದ್ದೆ. ಹೆಚ್ಚಾಗಿ ನೈಟ್ ಶಿಫ್ಟ್. ಆ ಮೌನ ಹೇಗಿತ್ತು, ಭಯ ಆಗುತ್ತಿತ್ತಾ ಅಂತ ನೀವು ಕೇಳಿದ್ದೀರಿ. ಟರ್ಮಿನಲ್ ನೋಡಿದರೆ ಬೇಜಾರಾಗುತ್ತಿತ್ತು. ಭಯ ಆಗಿದ್ದು ಹೊರಗೆ, ವಿಮಾನಗಳ ಹತ್ತಿರ.

ಮೊದಲು ಟರ್ಮಿನಲ್ ಬಗ್ಗೆ. ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದು ಜಗತ್ತಿಗೇ ಹಬ್ಬಿದ ಸಾಂಕ್ರಾಮಿಕ ಅಂತ ಹೇಳಿತು. ಅದಾಗಿ ಸ್ವಲ್ಪ ದಿನದಲ್ಲೇ ಬೋರ್ಡ್ ತುಂಬ ಕೆಂಪಕ್ಷರದಲ್ಲಿ ರದ್ದು, ರದ್ದು, ರದ್ದು. ಆಮೇಲೆ ಆ ಸಾಲುಗಳೂ ಮಾಯವಾದವು. ರದ್ದು ಮಾಡುವುದಕ್ಕೂ ಏನೂ ಉಳಿದಿರಲಿಲ್ಲ. ಇಡೀ ದಿನದ ವಿಮಾನಗಳು ಒಂದೇ ಸ್ಕ್ರೀನಿನ ಅರ್ಧದಲ್ಲಿ ಮುಗಿದುಹೋಗುತ್ತಿದ್ದವು.

ಆದರೆ ಅನೌನ್ಸ್‌ಮೆಂಟ್ ನಿಲ್ಲಲಿಲ್ಲ. ಯಾರದ್ದೋ ಬ್ಯಾಗ್ ಅನಾಥವಾಗಿ ಬಿದ್ದಿದ್ದರೆ ತಿಳಿಸಿ ಅಂತ ರೆಕಾರ್ಡ್ ಮಾಡಿಟ್ಟ ದನಿ ಇರುತ್ತಲ್ಲ, ಅದು ತನ್ನ ಪಾಡಿಗೆ ಬರುತ್ತಲೇ ಇತ್ತು. ಜನ ತುಂಬಿದ್ದಾಗ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಈಗ ಮಾತು ಮುಗಿದ ಮೇಲೂ ಗೋಡೆಯಿಂದ ಗೋಡೆಗೆ ಹೋಗಿ ಬರುತ್ತಿತ್ತು. ಸಾಮಾನೆಲ್ಲ ತೆಗೆದ ಮನೆಯಲ್ಲಿ ನಿಂತು ಮಾತಾಡಿದರೆ ದನಿ ಬೇರೆ ಥರ ಕೇಳಿಸುತ್ತೆ ಅಲ್ವಾ, ಹಾಗೆ. ಕಲ್ಲಿನ ನೆಲ, ಗಾಜಿನ ಗೋಡೆ, ಎತ್ತರದ ಛಾವಣಿ. ಅಲ್ಲಿ ಸದ್ದನ್ನು ಹೀರಿಕೊಳ್ಳುತ್ತಿದ್ದದ್ದು ಹೆಚ್ಚಾಗಿ ಜನರೇ, ಅವರ ಮೈಮೇಲಿನ ಬಟ್ಟೆಯೇ. ಅದು ನನಗೆ ಅರ್ಥವಾಗಿದ್ದು ಜನ ಇಲ್ಲದಾಗ.

ಒಂದು ರಾತ್ರಿ ದೀಪ ಆರಿಸಿದ್ದ ಕಡೆಯಿಂದ ಜೋರಾಗಿ ನೀರು ಹರಿಯುವ ಸದ್ದು ಬಂತು. ಪೈಪ್ ಒಡೆದಿದೆ ಅಂದುಕೊಂಡು ಓಡಿದೆ. ನೋಡಿದರೆ ಪ್ಲಂಬರ್ ಒಬ್ಬರು ಟಾಯ್ಲೆಟ್‌ನ ನಲ್ಲಿಗಳನ್ನು ಒಂದೊಂದಾಗಿ ತೆರೆದು, ಸ್ವಲ್ಪ ಹೊತ್ತು ಬಿಟ್ಟು, ಮುಚ್ಚುತ್ತಾ ಹೋಗುತ್ತಿದ್ದರು. ಯಾರೂ ಬಳಸದೆ ಪೈಪಿನಲ್ಲಿ ನಿಂತ ನೀರಿನಲ್ಲಿ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತೆ. ಅದು ಸೇರಿದ ಸಣ್ಣ ತುಂತುರು ಉಸಿರಿನ ಜೊತೆ ಒಳಗೆ ಹೋದರೆ ನ್ಯುಮೋನಿಯಾ ಬರಬಹುದು. ಅದಕ್ಕೇ ಯಾರೂ ಬಾರದ ಟಾಯ್ಲೆಟ್‌ಗಳಲ್ಲಿ ಅವರು ಅಷ್ಟೂ ನಲ್ಲಿಗಳನ್ನು ಬಿಟ್ಟು ನಿಲ್ಲಿಸುತ್ತಿದ್ದರು. ಇಬ್ಬರೂ ದೂರ ದೂರ ನಿಂತು ಎರಡು ಮಾತಾಡಿದೆವು. ಆ ರಾತ್ರಿ ನಾನು ಟರ್ಮಿನಲ್ ಒಳಗೆ ಮಾತಾಡಿಸಿದ್ದು ಅವರೊಬ್ಬರನ್ನೇ.

ನಮ್ಮಲ್ಲಿ ಮಾತ್ರ ಹೀಗಿತ್ತು ಅಂದುಕೊಳ್ಳಬೇಡಿ. ಆ ಏಪ್ರಿಲ್‌ನಲ್ಲಿ ಜಗತ್ತಿನ ವಿಮಾನ ಪ್ರಯಾಣ ಹಿಂದಿನ ವರ್ಷದ ಏಪ್ರಿಲ್‌ಗಿಂತ ಶೇ. 94ರಷ್ಟು ಬಿದ್ದಿತ್ತು. ಅಮೆರಿಕದ ಎಲ್ಲ ಏರ್‌ಪೋರ್ಟ್‌ಗಳನ್ನೂ ಸೇರಿಸಿದರೆ ಏಪ್ರಿಲ್ 14ರಂದು ಸೆಕ್ಯೂರಿಟಿ ಚೆಕ್ ದಾಟಿದವರು 87,534 ಜನ. ಒಂದು ವರ್ಷದ ಹಿಂದೆ ಅದೇ ದಿನ ಸುಮಾರು 22 ಲಕ್ಷ. ಲಂಡನ್ನಿನ ಹೀಥ್ರೂ ತನ್ನ ಎರಡು ರನ್‌ವೇಗಳಲ್ಲಿ ಒಂದನ್ನಷ್ಟೇ ಬಳಸುತ್ತಿತ್ತು.

ಒಬ್ಬ ಹುಡುಗಿಯ ನೆನಪು ಮಾತ್ರ ಈಗಲೂ ಹಾಗೇ ಇದೆ. ಇನ್ನೂರು ಕುರ್ಚಿಗಳಿರುವ ಗೇಟ್. ಕುರ್ಚಿ ಬಿಟ್ಟು ಕುರ್ಚಿಗೆ ಟೇಪ್ ಅಂಟಿಸಿದ್ದರು. ಅವಳು ಚಾರ್ಜಿಂಗ್ ಪಾಯಿಂಟ್ ಪಕ್ಕ ಬ್ಯಾಗನ್ನು ತಬ್ಬಿಕೊಂಡು ಕೂತಿದ್ದಳು. ನನ್ನ ಹಳದಿ ಜಾಕೆಟ್ ನೋಡಿ ಎದ್ದು ನಿಂತು, "ಸರ್, ಈ ವಿಮಾನ ನಿಜವಾಗಲೂ ಹೋಗುತ್ತಾ? ಇಲ್ಲಿ ಬೇರೆ ಯಾರೂ ಇಲ್ವಲ್ಲ" ಅಂದಳು. ಆ ವಿಮಾನವನ್ನು ನೋಡಿಕೊಂಡೇ ಬಂದಿದ್ದೆ, ಹೋಗುತ್ತೆ ಅಂತ ಗೊತ್ತಿತ್ತು. "ಹೋಗುತ್ತಮ್ಮ, ನಾನೇ ನೋಡಿ ಬಂದೆ" ಅಂದೆ. ಆಮೇಲೂ ಅವಳು ಗಾಜಿನ ಹತ್ತಿರ ಹೋಗಿ ವಿಮಾನ ಅಲ್ಲೇ ಇದೆಯಾ ಅಂತ ನೋಡುತ್ತಲೇ ಇದ್ದಳು. ಜನಜಂಗುಳಿಯನ್ನು ನಾವು ಎಷ್ಟು ಬೈದುಕೊಳ್ಳುತ್ತೇವೆ. ಆದರೆ ಸುತ್ತ ನಾಲ್ಕು ಜನ ಕಾಯುತ್ತಾ ಕೂತಿರುವುದೇ ನಮಗೆ ಧೈರ್ಯ ಅಂತ ಅವಳ ಮುಖ ನೋಡಿದಾಗ ಅನಿಸಿತು.

ಇನ್ನು ಹೊರಗಿನ ಕಥೆ.

ವಿಮಾನ ನಿಲ್ಲುವ ಜಾಗಕ್ಕೆ ನಾವು ಏಪ್ರನ್ ಅಂತೀವಿ. ಅಲ್ಲಿ ಕಿವಿಗೆ ಇಯರ್‌ಮಫ್ ಹಾಕದೆ ಕಾಲಿಡುವ ಹಾಗಿಲ್ಲ. ಇಂಜಿನ್, ವಿಮಾನ ಎಳೆಯುವ ಟಗ್ ಗಾಡಿ, ಜನರೇಟರ್, ಎಲ್ಲ ಒಟ್ಟಿಗೆ ಕೂಗುತ್ತಿರುತ್ತವೆ. ವರ್ಷಗಟ್ಟಲೆ ನಾವು ಅಲ್ಲಿ ಕೈಸನ್ನೆಯಲ್ಲೇ ಮಾತಾಡಿದ್ದೇವೆ. 2020ರ ಏಪ್ರಿಲ್‌ನಲ್ಲಿ ಇಯರ್‌ಮಫ್ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ದೂರದಲ್ಲಿ ಯಾರೋ ಸ್ಪ್ಯಾನರ್ ಕೆಳಗಿಟ್ಟರೆ ಇಲ್ಲಿಗೆ ಕೇಳಿಸುತ್ತಿತ್ತು. ಬೆಳಗಿನ ಜಾವ ಹಕ್ಕಿಗಳ ದನಿ. ಅಷ್ಟು ವರ್ಷದಲ್ಲಿ ಅಲ್ಲಿ ಹಕ್ಕಿ ಹಾರುವುದನ್ನು ನೋಡಿದ್ದೆ, ಕೂಗಿದ್ದು ಕೇಳಿರಲಿಲ್ಲ.

ವಿಮಾನ ನೆಲದ ಮೇಲೆ ಒಂದೆರಡು ಗಂಟೆ ಜಾಸ್ತಿ ನಿಂತರೂ ಫೋನ್ ಮೇಲೆ ಫೋನ್ ಬರುವ ಕೆಲಸ ನಮ್ಮದು. ಎಲ್ಲ ವಿಮಾನಗಳೂ ಒಟ್ಟಿಗೆ ನೆಲಕ್ಕೆ ಬಂದರೆ ನಿಲ್ಲಿಸಲು ಜಾಗ ಎಲ್ಲಿ? ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಒಂದು ರನ್‌ವೇಯನ್ನೇ ಮುಚ್ಚಿ ಅದರ ಮೇಲೆ ವಿಮಾನ ಸಾಲಾಗಿ ನಿಲ್ಲಿಸಿದರು. ನಮ್ಮಲ್ಲಿ ಟ್ಯಾಕ್ಸಿವೇಗಳ ಮೇಲೆ, ಅಂದರೆ ವಿಮಾನ ರನ್‌ವೇಗೆ ಹೋಗಿಬರುವ ದಾರಿಗಳ ಮೇಲೆ, ಬಾಲಕ್ಕೆ ಮೂತಿ ತಾಗಿಸಿದ ಹಾಗೆ ನಿಲ್ಲಿಸಿದ್ದೆವು. ರಾತ್ರಿ ಆ ಸಾಲಿನ ಪಕ್ಕ ಟಾರ್ಚ್ ಹಿಡಿದು ಒಬ್ಬನೇ ನಡೆಯಬೇಕು.

ಹಾಗೆ ನಡೆಯುವಾಗ ಒಂದು ರಾತ್ರಿ ಟಕ್, ಟಕ್, ಟಕ್ ಅಂತ ಕೇಳಿಸಿತು. ಗಾಳಿ ನಿಂತರೆ ನಿಧಾನವಾಗುತ್ತೆ, ಬಂದರೆ ಜೋರಾಗುತ್ತೆ. ಮೈ ಜುಮ್ಮೆಂದಿತು. ಟಾರ್ಚ್ ಬಿಟ್ಟು ನೋಡಿದರೆ ಇನ್ನೂ ಕವರ್ ಹಾಕದ ಒಂದು ಇಂಜಿನ್. ಗಾಳಿಗೆ ಅದರ ಫ್ಯಾನ್ ತಾನಾಗಿ ಸುತ್ತುತ್ತಿತ್ತು. ಫ್ಯಾನಿನ ರೆಕ್ಕೆಗಳನ್ನು ಬುಡದಲ್ಲಿ ಸ್ವಲ್ಪ ಸಡಿಲವಾಗಿಯೇ ಕೂರಿಸಿರುತ್ತಾರೆ. ವೇಗವಾಗಿ ತಿರುಗುವಾಗ ಅವು ಹೊರಕ್ಕೆ ಎಳೆದುಕೊಂಡು ಬಿಗಿಯಾಗುತ್ತವೆ. ನಿಧಾನವಾಗಿ ತಿರುಗಿದರೆ ಒಂದೊಂದೇ ಅಲುಗಾಡಿ ಟಕ್ ಅನ್ನುತ್ತವೆ. ಕಾರಣ ನನಗೆ ಚೆನ್ನಾಗಿ ಗೊತ್ತು. ಆದರೂ ಆ ರಾತ್ರಿ ಅದು ನಿದ್ದೆಯಲ್ಲಿ ಹಲ್ಲು ಕಡಿಯುವವರ ಸದ್ದಿನ ಹಾಗೆ ಕೇಳಿಸಿತು.

ವಿಮಾನ ನಿಲ್ಲಿಸುವುದು ಅಂದರೆ ಬೀಗ ಹಾಕಿ ಮನೆಗೆ ಹೋಗುವುದು ಅಂತ ಜನ ಅಂದುಕೊಂಡಿದ್ದರು. ಅಲ್ಲ. ಅದು ಹಾರುವುದಕ್ಕೆ ಮಾಡಿದ ಯಂತ್ರ, ಸುಮ್ನೆ ನಿಂತರೆ ಕೆಡುತ್ತೆ. ಒಂದೇ ಕಡೆ ಭಾರ ಬಿದ್ದು ಟೈರ್ ಚಪ್ಪಟೆಯಾಗದ ಹಾಗೆ ಒಂದೆರಡು ವಾರಕ್ಕೊಮ್ಮೆ ಚಕ್ರ ತಿರುಗಿಸಬೇಕು. ಇಂಜಿನ್ ಒಳಗೆ ತೇವ ಹೀರುವ ಸಿಲಿಕಾ ಜೆಲ್ ಚೀಲ ಇಟ್ಟು ಮುಚ್ಚಬೇಕು. ಜೊತೆಗೆ ಒಂದು ಸಣ್ಣ ಕಾರ್ಡ್ ಇರುತ್ತೆ. ಒಣಗಿದ್ದರೆ ನೀಲಿ, ತೇವ ಏರಿದರೆ ಗುಲಾಬಿ. ಆ ಕಾರ್ಡ್ ಮೇಲೆ ಟಾರ್ಚ್ ಬಿಟ್ಟು ನೀಲಿ ಕಂಡಾಗ ಆಗುತ್ತಿದ್ದ ಸಮಾಧಾನ ಅಷ್ಟಿಷ್ಟಲ್ಲ.

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಪಿಟೋ ಟ್ಯೂಬ್ ಬಗ್ಗೆ. ವಿಮಾನದ ಮೂತಿಯ ಹತ್ತಿರ ಬೆರಳಿನಷ್ಟು ದಪ್ಪದ ಕೊಳವೆಗಳು ಚಾಚಿಕೊಂಡಿರುತ್ತವೆ. ಅದರೊಳಗೆ ನುಗ್ಗುವ ಗಾಳಿಯ ಒತ್ತಡದಿಂದಲೇ ಪೈಲಟ್‌ಗೆ ವೇಗ ಗೊತ್ತಾಗುವುದು. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಪುವೆರ್ಟೊ ಪ್ಲಾಟಾದಿಂದ ಹೊರಟ ಬೋಯಿಂಗ್ 757 ಸಮುದ್ರಕ್ಕೆ ಬಿತ್ತು. 189 ಜನ ಸತ್ತರು. ಆ ವಿಮಾನ ಅದಕ್ಕೆ ಮುಂಚೆ ಸುಮಾರು ಮೂರು ವಾರ ನಿಂತಿತ್ತು, ಪಿಟೋ ಕವರ್ ಹಾಕಿರಲಿಲ್ಲ. ಮಣ್ಣಿನ ಗೂಡು ಕಟ್ಟುವ ಕಣಜದ ಹುಳು ಕೊಳವೆ ಮುಚ್ಚಿಬಿಟ್ಟಿರಬೇಕು ಅಂತ ತನಿಖೆ ಮಾಡಿದವರು ಅಂದಾಜಿಸಿದರು. ನಮ್ಮ ಕೆಲಸದವರಲ್ಲಿ ಈ ಕಥೆ ಕೇಳದವರು ಕಡಿಮೆ. 2020ರಲ್ಲಿ ನಿಂತ ವಿಮಾನ ಸಾವಿರಾರು, ಅದೂ ತಿಂಗಳುಗಟ್ಟಲೆ. ಆಗಸ್ಟ್‌ನಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯೇ ಎಚ್ಚರಿಸಿತು: ನಿಲ್ಲಿಸಿಟ್ಟ ವಿಮಾನಗಳು ಮತ್ತೆ ಹಾರುವಾಗ ವೇಗ ತಪ್ಪಾಗಿ ತೋರಿಸುವುದು ಹೆಚ್ಚಾಗುತ್ತಿದೆ ಅಂತ. ಅದಕ್ಕೆ ಮುಂಚೆ, ಜುಲೈನಲ್ಲಿ, ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, 7 ದಿನ ಅಥವಾ ಅದಕ್ಕಿಂತ ಹೆಚ್ಚು ನಿಂತ ಬೋಯಿಂಗ್ 737 ವಿಮಾನಗಳ ಇಂಜಿನ್‌ನ ಒಂದು ವಾಲ್ವ್‌ಗೆ ತುಕ್ಕು ಹಿಡಿದಿದೆಯಾ ನೋಡಿ ಅಂತ ತುರ್ತು ಆದೇಶ ಹೊರಡಿಸಿತ್ತು.

ನನ್ನ ಭಯ ಇದೇ. ಆ ಮೌನದಲ್ಲಿ ಏನೂ ನಡೆಯುತ್ತಿಲ್ಲ ಅಂತ ಕಾಣುತ್ತಿತ್ತು. ಒಳಗೆ ಹುಳ ಗೂಡು ಕಟ್ಟುತ್ತಿತ್ತು, ತೇವ ಇಳಿಯುತ್ತಿತ್ತು, ತುಕ್ಕು ಹಿಡಿಯುತ್ತಿತ್ತು. ಯಾವುದಕ್ಕೂ ಸದ್ದಿಲ್ಲ.

ಸದ್ದು ಇದ್ದದ್ದು ಕೆಂಪು ಪಟ್ಟಿಗಳಿಗೆ. ನಾವು ಹಾಕುವ ಪ್ರತಿ ಕವರ್‌ಗೂ, ಚಕ್ರದ ಕಾಲು ಮಡಚಿಕೊಳ್ಳದ ಹಾಗೆ ತೂರಿಸುವ ಪ್ರತಿ ಪಿನ್ನಿಗೂ ಒಂದು ಕೆಂಪು ಪಟ್ಟಿ ಇರುತ್ತೆ, ಹಾರುವ ಮುಂಚೆ ತೆಗೆಯಿರಿ ಅಂತ ಅದರ ಮೇಲೆ ಬರೆದಿರುತ್ತೆ. ಸಾಲಾಗಿ ನಿಂತ ಅಷ್ಟೂ ವಿಮಾನಗಳಿಂದ ಆ ಪಟ್ಟಿಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ರಾತ್ರಿಯೆಲ್ಲ ಅದೇ ಸದ್ದು. ಕೆಲವನ್ನು ಹಾರಿಸುವುದಕ್ಕೆ ಯಾರೂ ಬರಲೇ ಇಲ್ಲ. ಬ್ರಿಟಿಷ್ ಏರ್‌ವೇಸ್ ಆ ಜುಲೈನಲ್ಲಿ ತನ್ನ 31 ಜಂಬೋ 747ಗಳಿಗೂ ಒಟ್ಟಿಗೆ ನಿವೃತ್ತಿ ಕೊಟ್ಟಿತು. ಆ ಸುದ್ದಿ ಓದಿದ ದಿನ ಕ್ಯಾಂಟೀನಿನಲ್ಲಿ ಯಾರೂ ಮಾತಾಡಲಿಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ಏರ್‌ಪೋರ್ಟ್ ಪೂರ್ತಿ ನಿಂತಿತ್ತು ಅನ್ನುವುದು ತಪ್ಪು. ಮೊದಲು ಜಗತ್ತಿನ ವಿಮಾನ ಸರಕಿನಲ್ಲಿ ಅರ್ಧದಷ್ಟು ಪ್ರಯಾಣಿಕರ ವಿಮಾನಗಳ ಹೊಟ್ಟೆಯಲ್ಲೇ ಹೋಗುತ್ತಿತ್ತು. ಅವು ನಿಂತಾಗ ಔಷಧಿ, ಮಾಸ್ಕ್ ಸಾಗಿಸುವುದೇ ಕಷ್ಟವಾಯಿತು. ಹಾಗಾಗಿ ಪ್ರಯಾಣಿಕರ ವಿಮಾನಗಳಲ್ಲೇ ಸೀಟುಗಳ ಮೇಲೆ ಪೆಟ್ಟಿಗೆ ಇಟ್ಟು, ಬಲೆ ಬಿಗಿದು ಹಾರಿಸಿದರು. ಕಿಟಕಿ ಪಕ್ಕದ ಸೀಟಿನಲ್ಲಿ ಮಾಸ್ಕ್ ತುಂಬಿದ ಪೆಟ್ಟಿಗೆ ಕೂತಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ರಾತ್ರಿ ಅಂಥದ್ದೊಂದು ಬಂದಿಳಿದರೆ ನಮಗೆಲ್ಲ ಹಬ್ಬ.

ಕೊನೆಗೆ ನಾನು ಎರಡು ತಿಂಗಳು ನೋಡಿಕೊಂಡ ಒಂದು ವಿಮಾನದ ಸರದಿ ಬಂತು. ಕವರ್‌ಗಳನ್ನು ಒಂದೊಂದಾಗಿ ತೆಗೆದು ಲಿಸ್ಟ್ ಜೊತೆ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಹೊರಡುವ ಮುಂಚೆ ಕೆಳಗೆ ನಿಂತು, ತೆಗೆದ ಪಿನ್ನನ್ನು ಅದರ ಕೆಂಪು ಪಟ್ಟಿ ಸಮೇತ ಎತ್ತಿ ಪೈಲಟ್‌ಗೆ ತೋರಿಸುವುದು ರೂಢಿ. ಎತ್ತಿ ಹಿಡಿದೆ. ಮೇಲಿನಿಂದ ಅವರು ಹೆಬ್ಬೆರಳು ತೋರಿಸಿದರು. ಇಂಜಿನ್ ಸದ್ದು ಏರುತ್ತಾ ಹೋಯಿತು. ಪಕ್ಕದಲ್ಲಿದ್ದ ಗೆಳೆಯ ನನ್ನ ಕಡೆ ತಿರುಗಿ ಏನೋ ಕೂಗಿ ಹೇಳುತ್ತಿದ್ದ, ಒಂದಕ್ಷರವೂ ಕೇಳಿಸಲಿಲ್ಲ. ಆಮೇಲೆ ಅವನು ತನ್ನ ಕಿವಿ ಮುಟ್ಟಿ ತೋರಿಸಿದ. ನನ್ನ ಇಯರ್‌ಮಫ್ ಇನ್ನೂ ಕುತ್ತಿಗೆಯಲ್ಲೇ ಇತ್ತು.